ನಿನ್ನ ಹಂದಿ ಹೇಗಿದೆ?

ಫೆಬ್ರವರಿ 9, ಭಾನುವಾರ

ಬಾಳೆಕಾಯಿ ಸಿಪ್ಪೆ, ಗೆಣಸಿನ ಬಳ್ಳಿ ಕೊಚ್ಚಿ ಹಾಕಿದೆ. ತಿಂದವು. ಎರಡು ಮರಿ, ಒಂದು ಹೆಣ್ಣು, ಒಂದು ಗಂಡು. ಮಸಾಕಾ ಸಂತೆಯಿಂದ ಗೋಣಿಚೀಲದಲ್ಲಿ ಕಟ್ಟಿ ಬಾಡಿಗೆ ಬೈಕಿನ ಹಿಂದೆ ತಂದದ್ದು. ದಾರಿಯುದ್ದಕ್ಕೂ ಕಿರುಚಿ ಊರಿಗೆಲ್ಲ ಡಂಗುರ ಸಾರಿದವು. ಸಾರಲಿ.

ಹಳೆಯ ಗೂಡಿನ ಕಂಬಗಳನ್ನು ಸುಟ್ಟು, ಸುಣ್ಣ ಹೊಯ್ದು, ವರ್ಷವಿಡೀ ಜಾಗ ಖಾಲಿ ಬಿಟ್ಟಿದ್ದೆ. ಪಕ್ಕದ ಮನೆಯ ಮುಗೇರ್ವ ಬೇಲಿಯ ಮೇಲಿಂದ ಇಣುಕಿದ.

“ಮತ್ತೆ ಹಂದಿನಾ, ನಂತುಮೆ ಅಮ್ಮ? ಹೋದ್ ಸಲದ್ದು ಸಾಲ್ದಾ?”

ನಕ್ಕೆ. ಒಳಗೆ ಕೆಂಡ. ಹೋದ ವರ್ಷ ಇದೇ ಬೇಲಿಯ ಬಳಿ ನಿಂತು ಕೇಳಿದ್ದೆ — ಊರಲ್ಲಿ ಹಂದಿಜ್ವರ ಅಂತಾರೆ, ನಿನ್ನ ಹಂದಿ ಹೇಗಿದೆ? “ಚೆನ್ನಾಗಿದೆ, ತಿಂತಾ ಇದೆ” ಅಂದ. ಅಷ್ಟರಲ್ಲಾಗಲೇ ಅದನ್ನು ಕೊಯ್ದು ಮಾರಿ, ಕರುಳನ್ನು ಬಾಳೆತೋಟದ ಹಿಂದೆ ಎಸೆದಿದ್ದ. ಅವನ ನಾಯಿಯೇ ಕಚ್ಚಿಕೊಂಡು ಬಂದು ನನ್ನ ಗೂಡಿನ ಮುಂದೆ ಹಾಕಿತು. ವಾರದೊಳಗೆ ಗೂಡು ಬರಿದಾಯಿತು. ಆ ಹಂದಿಗಳೇ ನಂತುಮೆಯ ಟೀಚರ್ ಟ್ರೈನಿಂಗಿನ ಫೀಸು. ಈಗ ನನ್ನ ಮಗಳು ಪೇಟೆಯ ಅಂಗಡಿಯಲ್ಲಿ ಕೂತು ಬೇರೆಯವರ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಾಳೆ.

ಮರೆತಿಲ್ಲ. ಮರೆಯುವುದೂ ಇಲ್ಲ.

ಫೆಬ್ರವರಿ 22

ಗಂಡುಮರಿಯ ಬೀಜ ತೆಗೆಯುವವನು ಬ್ಲೇಡು ಹಿಡಿದು ಬಂದ. ವಾಪಸ್ ಕಳಿಸಿದೆ.

“ತೆಗೀದಿದ್ರೆ ಮಾಂಸ ನಾರುತ್ತೆ ಅಮ್ಮ, ಯಾರೂ ತಗೊಳಲ್ಲ.”

“ನಾರ್ಲಿ ಬಿಡಪ್ಪ.”

ಈ ದಿಣ್ಣೆಯಲ್ಲಿ ಗಂಡುಹಂದಿ ಇರುವುದು ಮುಗೇರ್ವನ ಮನೆಯಲ್ಲಿ ಮಾತ್ರ. ಯಾರ ಹೆಣ್ಣು ಬೆದೆಗೆ ಬಂದರೂ ಕಾಲಿಗೆ ಹಗ್ಗ ಕಟ್ಟಿ ಅಲ್ಲಿಗೇ ನಡೆಸಿಕೊಂಡು ಹೋಗಬೇಕು. ಕೂಲಿ — ಹುಟ್ಟಿದ ಮರಿಗಳಲ್ಲಿ ಅವನು ಆರಿಸಿದ್ದು ಒಂದು. ಯಾವಾಗಲೂ ಕೊಬ್ಬಿದ್ದನ್ನೇ ಎತ್ತುತ್ತಾನೆ. ಅವನ ತಗಡಿನ ಸೂರು, ಬೈಕು, ಗತ್ತು, ಎಲ್ಲ ನಿಂತಿರುವುದು ಆ ಗಂಡಿನ ಬೆನ್ನ ಮೇಲೆ. ಆ ಬೆನ್ನು ಮುರಿಯುತ್ತೇನೆ.

ಮೇ 18

ನಂತುಮೆ ಬಂದಿದ್ದಳು. ಗಂಡಿಗೆ ‘ಅಳಿಯ’ ಅಂತ ಹೆಸರಿಟ್ಟಳು.

“ಊರಿನ ಹೆಣ್ಣುಗಳಿಗೆಲ್ಲ ಇವ್ನೊಬ್ನೇ ಗಂಡ ಆಗೋನಲ್ವಾ?”

ನಕ್ಕೆವು. ಆಮೇಲೆ ಮೇವು ಕೊಚ್ಚುತ್ತ ಮೆಲ್ಲಗೆ ಕೇಳಿದಳು.

“ಅಮ್ಮ, ನೀನು ಹಂದಿ ಸಾಕ್ತಿದೀಯೋ, ಹಗೆ ಸಾಕ್ತಿದೀಯೋ?”

“ಎರಡೂ. ಒಂದೇ ಮೇವಲ್ಲಿ.”

ಅವಳು ನಗಲಿಲ್ಲ.

ಸೆಪ್ಟೆಂಬರ್ 14, ಭಾನುವಾರ

ಬರೆಯದೆ ಎಷ್ಟು ದಿನವಾಯಿತೋ. ಅಳಿಯ ಈಗ ಬಾಗಿಲಷ್ಟು ಅಗಲ. ಮನೆಯ ಹೆಣ್ಣು ಗಬ್ಬವಾಗಿದೆ. ಅದರ ಮರಿ ಮಾರಿದರೆ ನಂತುಮೆಯ ಕಾಲೇಜು.

ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಹೆಂಗಸರಿಗೆ ಹೇಳಿದೆ — “ಅಳಿಯನ ಕೂಲಿಗೆ ನಾನು ಆರಿಸೋದಿಲ್ಲ. ನಿಮ್ಮ ಮರಿಗಳಲ್ಲಿ ಸೊರಗಿದ್ದು ಯಾವ್ದೋ, ಅದನ್ನೇ ಕೊಡಿ ಸಾಕು.” ಸಂಜೆಯೊಳಗೆ ನನ್ನ ಅಂಗಳದಲ್ಲಿ ಹಗ್ಗ ಹಿಡಿದವರ ಸಾಲು. ಬೇಲಿಯಾಚೆ ನರಪಿಳ್ಳೆ ಇಲ್ಲ. ಹಾಲು ಕುಡಿದಷ್ಟು ಸಂತೋಷ. ಸುಳ್ಳೇಕೆ ಹೇಳಲಿ.

ಸೆಪ್ಟೆಂಬರ್ 30

ಮುಗೇರ್ವ ಬಂದ. ಚಹಾ ಕೊಟ್ಟೆ. ಸಕ್ಕರೆ ಹಾಕಲಿಲ್ಲ.

“ಇಬ್ರೂ ಬದುಕ್ಬೇಕಲ್ಲ. ಮೇಲಿನ್ ಕೇರಿ ನಿಂಗೆ, ಕೆಳಗಿನ್ದು ನಂಗೆ.”

“ಒಂದೇ ಒಂದು ಹೇಳು. ಅವತ್ತು ನಾನು ಕೇಳಿದಾಗ ನಿಂಗೆ ಗೊತ್ತಿತ್ತಲ್ವಾ?”

ಲೋಟದೊಳಗೆ ನೋಡಿದ. “ಎಲ್ರೂ ಹಂಗೇ ಮಾಡ್ತಾರೆ.”

“ಹಾಗಿದ್ರೆ ಎಲ್ರ ಹತ್ರಾನೇ ಹೋಗಿ ಕೇಳು.”

ಅರ್ಧ ಕುಡಿದು ಎದ್ದು ಹೋದ. ಉಳಿದದ್ದನ್ನು ಅಂಗಳಕ್ಕೆ ಚೆಲ್ಲಿದೆ.

ಅಕ್ಟೋಬರ್ 11

ಗುಡ್ಡದಾಚೆಯಿಂದ ಮುದುಕಿ ನಬ್ಬೊಸ ತನ್ನ ಹೆಣ್ಣುಹಂದಿಯನ್ನು ಹೊಡೆದುಕೊಂಡು ಬಂದಳು. ಮೊದಲು ಮುಗೇರ್ವನ ಮನೆಗೇ ಹೋಗಿದ್ದಳಂತೆ.

“ನೋಡ್ದ, ಗೇಟೇ ತೆಗೀಲಿಲ್ಲ ಕಣೆ. ಹೋಗು ಹೋಗು ಅಂದ.”

ಹೊಟ್ಟೆಯುರಿ ಅವನಿಗೆ. ಈಗ ಬಂದ ಗಿರಾಕಿಯ ಮೇಲೂ ಸಿಟ್ಟು. ನಬ್ಬೊಸ ಜೋರಾಗಿ ಹೇಳುತ್ತಿದ್ದಳು, ಅವನಿಗೆ ಕೇಳಲಿ ಅಂತ ನಾನು ಇನ್ನೂ ಜೋರಾಗಿ ಅವಳನ್ನು ಒಳಗೆ ಕರೆದೆ. ಬಂದವರನ್ನೆಲ್ಲ ಕೇಳುತ್ತೇನೆ, ಬೆಳಿಗ್ಗೆ ಹಂದಿ ಮೇವು ತಿಂತಾ ಅಂತ. ಇವತ್ತು ಕೇಳಲಿಲ್ಲ. ಹಂದಿಯ ಕಿವಿ ಕೆಂಪಗಿತ್ತು. ಬಿಸಿಲಲ್ಲಿ ನಡೆದು ಬಂದಿದೆಯಲ್ಲ…

ಅಕ್ಟೋಬರ್ 17

ನಬ್ಬೊಸಳ ಹಂದಿ ಸತ್ತು ಆಗಲೇ ನಾಲ್ಕು ದಿನ. ಇವತ್ತು ತಿಳಿಯಿತು. ಅಳಿಯ ನಿನ್ನೆಯಿಂದ ಮೇವು ಮೂಸುತ್ತಿಲ್ಲ. ಕಿವಿ ನೇರಳೆ.

ಮುಗೇರ್ವ ಗೇಟು ಯಾಕೆ ತೆಗೆಯಲಿಲ್ಲ ಅಂತ ಈಗ ಗೊತ್ತಾಯಿತು. ನೋಡಿಯೇ ಗುರುತು ಹಿಡಿದಿದ್ದ. ನನಗೆ ಒಂದು ಮಾತು ಕೂಗಿ ಹೇಳಬಹುದಿತ್ತು. ಹೇಳಲಿಲ್ಲ. ಎರಡನೆಯ ಸಲ.

ಅಕ್ಟೋಬರ್ 18, ಬೆಳಿಗ್ಗೆ

ಅಳಿಯ ಸತ್ತ. ಹೆಣ್ಣು ಇನ್ನೂ ನಿಂತಿದೆ, ಮೈ ಬಿಸಿ. ಮಾಂಸದಂಗಡಿಯ ಕಟೆಂಡೆಗೆ ಫೋನ್ ಮಾಡಿದೆ. ಬೈಕಿನಲ್ಲಿ ಬಂದ.

“ಗಂಡು ಬೇಡ, ನಾರುತ್ತೆ. ಹೆಣ್ಣು ಕಾಲ್ ಮೇಲಿದೆಯಲ್ಲ, ಈಗ್ಲೇ ಕೊಯ್ದ್ರೆ ಯಾರಿಗ್ ಗೊತ್ತಾಗುತ್ತೆ? ಕರುಳು ನೀನೇ ಇಟ್ಕೋ.”

ಮುಗೇರ್ವನ ನಾಯಿ ಬೇಲಿಯ ಸಂದಿನಲ್ಲಿ ಮೂತಿ ತೂರಿಸಿ ಕಾಯುತ್ತಿದೆ. ಕರುಳನ್ನು ನಾನು ಎಸೆಯಬೇಕಾದ್ದೂ ಇಲ್ಲ. ಅಂಗಳದಲ್ಲಿ ಮರೆತು ಬಿಟ್ಟರೆ ಸಾಕು.

ನಂತುಮೆ ರಜೆಗೆ ಬಂದಿದ್ದಾಳೆ. ಗುದ್ದಲಿ ಹಿಡಿದು ನಿಂತಿದ್ದಾಳೆ.

“ಗುಂಡಿ ತೋಡ್ಲಾ ಅಮ್ಮ? ಹೆಣ್ಣೂ ಉಳಿಯೋಲ್ಲ, ಎರಡನ್ನೂ ಹೂತ್ಬಿಡೋಣ. ಹಂದಿ ತಂದಿದ್ದೋರಿಗೆಲ್ಲ ಹೇಳೋಣ.”

“ನಿನ್ ಕಾಲೇಜು ಹೂಳ್ತೀಯಾ?”

ಅಷ್ಟರಲ್ಲಿ ಬೇಲಿಯಾಚೆಯಿಂದ ಮುಗೇರ್ವ. ಮುಖದಲ್ಲಿ ರಕ್ತವಿಲ್ಲ.

“ನಂತುಮೆ ಅಮ್ಮ, ನಿನ್ ಹಂದಿ ಹೇಗಿದೆ? ನಂದು ಇವತ್ತೋ ನಾಳೆಯೋ ಮರಿ ಹಾಕೋ ಹಾಗಿದೆ. ಹೇಳ್ಬಿಡು.”

ಈ ಪ್ರಶ್ನೆಗಾಗಿ ವರ್ಷವಿಡೀ ಕಾದಿದ್ದೆ. ಉತ್ತರ ನಾಲಗೆಯ ತುದಿಯಲ್ಲೇ ಇತ್ತು.

“ಚೆನ್ನಾಗಿದೆ,” ಅಂದೆ. “ತಿಂತಾ ಇದೆ.”

ತಲೆಯಾಡಿಸಿ ಹೋದ. ನಂಬಿದ. ಹಾಲು ಕುಡಿದ ಹಾಗಾಗಬೇಕಿತ್ತು. ಆಗಲಿಲ್ಲ. ನಂತುಮೆ ನನ್ನನ್ನೇ ನೋಡುತ್ತಿದ್ದಳು. ಹೋದ ವರ್ಷ ನಾನು ಅವನನ್ನು ನೋಡಿದ ಹಾಗೆ. ಒಳಗೆ ಬಂದು ಕೂತೆ. ಬರೆಯುತ್ತಿದ್ದೇನೆ.

ಕಟೆಂಡೆ ಕತ್ತಿ ಮಸೆಯುತ್ತ ನೀರು ಕೇಳುತ್ತಿದ್ದಾನೆ. ನಂತುಮೆಗೆ ತಂದುಕೊಡು ಅಂದೆ. ಬಾಗಿಲಿಂದ ಇಣುಕಿದೆ, ಅವಳು ಅಂಗಳದಲ್ಲಿಲ್ಲ. ಗುದ್ದಲಿಯೂ ಇಲ್ಲ.

ಬೇಲಿಯಾಚೆ ಅವಳ ದನಿ —

“ದೊಡ್ಡಪ್ಪ, ನಾಯಿ ಕಟ್ಟಾಕಿ. ನಮ್ ಹಂದಿಗೆ ಜ್ವರ…”