ಯಾವ ಪೈಕಿ?

17 ನವೆಂಬರ್, ಭಾನುವಾರ. ಚಂಡೀಗಢ.

ಸಂಜೆಯಿಂದ ಸಿಟ್ಟು ಇಳಿದಿಲ್ಲ. ಯಾರನ್ನು ಬಯ್ಯಬೇಕೆಂದು ಗೊತ್ತು. ಬಾಯಿಬಿಟ್ಟು ಬಯ್ದರೆ ಹೆಂಡತಿಗೆ ತಿಳಿದುಬಿಡುತ್ತದೆ.

ಗದಗದಿಂದ ವರ್ಗವಾಗಿ ಬಂದಾಗಿನಿಂದ ವತ್ಸಲಾಗೆ ಕನ್ನಡದಲ್ಲಿ ಜಗಳಾಡಲು ನನ್ನನ್ನು ಬಿಟ್ಟರೆ ಯಾರೂ ಇಲ್ಲ. ಈ ಊರಿನಲ್ಲಿ ಬೀದಿಗೂ ನಂಬರು, ಮನೆಗೂ ನಂಬರು, ಮಾತಿಗೆ ಮಾತ್ರ ಬರ. ಅದಕ್ಕೇ ಇಂದು ಸರ್ವಧರ್ಮ ಮಂದಿರಕ್ಕೆ ಕರೆದೊಯ್ದೆ. ಶಿವ, ಬುದ್ಧ, ಏಸು, ಕಾಬಾದ ಚಿತ್ರ, ಎಲ್ಲ ತಕರಾರಿಲ್ಲದ ಬಾಡಿಗೆದಾರರಂತೆ ಒಂದೇ ಸೂರಿನಡಿ.

ಬುದ್ಧನ ಮುಂದೆ ಯಾರೋ "ಜಲ್ದಿ ಬರ್ರೀ" ಎಂದು ಗಂಡನನ್ನು ಕರೆದರು. ವತ್ಸಲಾ ಓಡಿದಳು. ನಮ್ಮ ಗದಗ ಕಡೆಯ ಶಿಗ್ಲಿಯವರಂತೆ, ಹೆಸರು ನೀಲಕ್ಕ, ಮನೆ ನಮ್ಮ ಪಕ್ಕದ ಸೆಕ್ಟರಿನಲ್ಲೇ. ಇಬ್ಬರೂ ಕೈ ಕೈ ಹಿಡಿದು ಶೇಂಗಾ ಚಟ್ನಿಯವರೆಗೂ ಮಾತಾಡಿದರು.

"ನಾಳೆ ನಿಮ್ಮನಿಗೆ ಬರ್ತೀನ್ರಿ, ನಂಬರ್ ಹೇಳ್ರಿ," ಎಂದು ನೀಲಕ್ಕ ಫೋನು ತೆಗೆದರು. ವತ್ಸಲಾ ಹೇಳುತ್ತಿದ್ದಳು, ಅವರು ಒತ್ತುತ್ತಿದ್ದರು.

"ಅಂದಂಗ ನೀವು ಯಾವ ಪೈಕಿ?"

"ಇವ್ರು ಲಿಂಗಾಯತ್ರು, ನಾವು ಬ್ರಾಹ್ಮಣ್ರು. ಕಾಲೇಜಿನಾಗ ಕೂಡಿ ಕೆಟ್ವಿ ನೋಡ್ರಿ!" ವತ್ಸಲಾ ನಕ್ಕಳು.

"ಹೌದೇನ್ರಿ? ಛಲೋ ಆತು ಬಿಡ್ರಿ."

ನೀಲಕ್ಕನ ಬೆರಳು ನಿಂತಿತು. ವತ್ಸಲಾ ಬುದ್ಧನ ಕಡೆ ನೋಡುತ್ತ ಉಳಿದ ಅಂಕಿಗಳನ್ನು ಹೇಳುತ್ತಲೇ ಇದ್ದಳು. ಅಷ್ಟರಲ್ಲಿ ಫೋನು ಚೀಲ ಸೇರಿತ್ತು. ಅದನ್ನು ನೋಡಿದವನು ನಾನೊಬ್ಬನೇ.

ದೇವರಿಗೆಲ್ಲ ಒಂದೇ ಸೂರು, ನಮಗೆ ಮಾತ್ರ ತಕರಾರು ನೂರು. ಪ್ರಾಸವೇನೋ ಕೂಡಿತು, ಸಿಟ್ಟು ಹಾಗೇ ಇದೆ.

ವತ್ಸಲಾ ನಾಳೆ ನೀಲಕ್ಕನಿಗೆ ರೊಟ್ಟಿ ಬಡಿಯಲೆಂದು ಜೋಳದ ಹಿಟ್ಟು ಸೋಸಿಟ್ಟು, ಈಗಷ್ಟೇ ತನ್ನ ಫೋನು ತಂದು ಕೊಟ್ಟಳು. "ರಿಂಗಿನ ಸಪ್ಪಳ ದೊಡ್ಡದು ಮಾಡಿಕೊಡ್ರಿ. ನಾ ಅಡಿಗಿಮನ್ಯಾಗಿದ್ರ ಕೇಳ್ಸೂದಿಲ್ಲ."

ಪೂರ್ತಿ ದೊಡ್ಡದು ಮಾಡಿಕೊಟ್ಟೆ.