ಗ್ಲೆಬ್‌ನ ಔತಣದಲ್ಲಿ ಎತ್ತಿದ ಮಾತು

೧೪ ಡಿಸೆಂಬರ್ ೧೯೭೮, ಮಾಸ್ಕೋ

ಸಿಟ್ಟು ಇನ್ನೂ ಇಳಿದಿಲ್ಲ. ಬ್ರಿಟಿಷರು ತಮ್ಮ ವಸಾಹತು ದ್ವೀಪಗಳ ಜನರನ್ನು ಹಡಗಿಗೆ ತುಂಬಿ ಸಾಗಿಸಿದ್ದು ಅಂತರರಾಷ್ಟ್ರೀಯ ಕಾನೂನಿನ ಪ್ರಕಾರ ಅಪರಾಧವೆಂದು ಸಾಧಿಸಿ ನಮ್ಮ ಗ್ಲೆಬ್ ಇವತ್ತು ಡಾಕ್ಟರೇಟ್ ಪಡೆದ. ಪ್ರಬಂಧದಲ್ಲಿ ಒಂದು ಮಾತೂ ಸುಳ್ಳಲ್ಲ. ಔತಣದಲ್ಲಿ ಕೇಳಿದೆ: "ರೈಲಿಗೆ ತುಂಬಿದರೆ ಏನಪ್ಪಾ? ನಲವತ್ಮೂರರಲ್ಲಿ ಸರ್ಕಾರದವರೇ ನಮ್ಮ ಕಲ್ಮಿಕ ಜನಾಂಗವನ್ನೆಲ್ಲ ದನದ ಬೋಗಿಗಳಲ್ಲಿ ಸೈಬೀರಿಯಕ್ಕೆ ಕಳಿಸಿದರಲ್ಲ?"

ಗ್ಲೆಬ್ ನನ್ನ ಲೋಟಕ್ಕೆ ವೋಡ್ಕಾ ಸುರಿದ. "ಅಯ್ಯೋ ಸಾಂಜಿ ಬದ್ಮಾಯೆವಿಚ್, ಊಟದ ಹೊತ್ತಲ್ಲಿ ಯಾಕೆ? ಅದು ನಮ್ಮನಮ್ಮೊಳಗಿನ ವಿಷಯ."

"ಲಂಡನ್ನಿನವರೂ ಹಾಗೇ ಅಂತಾರೆ ಅಂತ ನೀನೇ ಬರೆದಿದ್ದೀಯಲ್ಲೋ!"

ಎಲ್ಲರೂ ನಕ್ಕರು. ಪರಾಧೀನ ಜನಗಳ ಬಿಡುಗಡೆಗೆಂದು ಲೋಟ ಎತ್ತಿದರು. ನಾನೂ ಎದ್ದು ನಿಂತೆ.

ಪ್ರಬಂಧದಲ್ಲಿ ಒಂದೊಂದು ದ್ವೀಪಕ್ಕೂ ಹೆಸರಿದೆ. ನನ್ನ ತಂಗಿಯ ಹೆಣವನ್ನು ಹಿಮದ ಮೇಲೆ ಇಳಿಸಿದ ನಿಲ್ದಾಣಕ್ಕೆ ಹೆಸರಿತ್ತೋ ಇಲ್ಲವೋ, ಓದುವಷ್ಟರಲ್ಲಿ ಬೋಗಿಯ ಬಾಗಿಲು ಮುಚ್ಚಿದರು.