ಅಮ್ಮ ಖಾಲಿ ಬಿಟ್ಟ ಹದಿನೇಳು ಹಾಳೆ

ಜನವರಿ 9
ಹೋದ ಜೂನ್ ಹದಿನಾಲ್ಕಕ್ಕೆ ವಿಶ್ವವಿದ್ಯಾಲಯದ ಗ್ರಂಥಾಲಯ ಅಮ್ಮನ ನೋಟ್‌ಬುಕ್ ಸ್ಕ್ಯಾನ್ ಮಾಡಿತು. ಹದಿನೇಳು ಹಾಳೆ ನುಂಗಿತು. ಗೊತ್ತಾದದ್ದು ಇವತ್ತು — ತಿಂಡಿ ಮುಗಿಸಿ ಅವರ ವೆಬ್‌ಸೈಟ್ ತೆರೆದು ಕೂತಾಗ. ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವಳು ನಾನು. ಪುಟ ಎಣಿಸದೆ ಕಣ್ಣು ಸುಮ್ಮನಿರುವುದಿಲ್ಲ.

ನಾವು ಹುಟ್ಟುವ ಮೊದಲು ಅಮ್ಮನ ಊರಲ್ಲಿ ನಡೆದ ನರಮೇಧದಲ್ಲಿ ತವರಿನವರ ಪೈಕಿ ಬದುಕುಳಿದವಳು ಅವಳೊಬ್ಬಳೇ. ಕಂಡದ್ದನ್ನೆಲ್ಲ ಬರೆದಳು, ನಡುವೆ ಅಂಗಡಿ ಸಾಮಾನಿನ ಪಟ್ಟಿಯನ್ನೂ. ಹೆಣ ಸಿಗದ ಒಬ್ಬೊಬ್ಬರಿಗೂ ಒಂದೊಂದು ಹಾಳೆ ಖಾಲಿ ಬಿಟ್ಟಳು — ಸುದ್ದಿ ಬಂದರೆ ಬರೆಯಲು. ಹಿಂದಿನ ಪುಟದ ಕೊನೆಗೆ ಗುರುತು: "ಮುಂದಿನದು ಅಣ್ಣನಿಗೆ." ಸಾಯುವವರೆಗೂ, ನಲವತ್ತು ವರ್ಷ, ಕಾದಳು.

ಗ್ರಂಥಾಲಯಕ್ಕೆ ನಂಬಿ ಕೊಟ್ಟವಳು ನಾನೇ.

ಜನವರಿ 11
ಗ್ರಂಥಪಾಲಕರನ್ನು ಕಂಡೆ.
"ಖಾಲಿ ಹಾಳೆ ಸ್ಕ್ಯಾನ್ ಮಾಡಲ್ಲಮ್ಮ. ರೂಲ್ಸು."
"ಖಾಲಿ ಅಂತ ನಿಮಗ್ಯಾರು ಹೇಳಿದ್ರು?"
"ಏನೂ ಬರೆದಿರಲಿಲ್ವಲ್ಲ!"
"ಹಾಗಾದ್ರೆ ನೋಟ್‌ಬುಕ್ ತೋರಿಸಿ."
ಕತ್ತು ತುರಿಸಿಕೊಂಡರು. ಮೆಷಿನ್ನಿಗೆ ಹಾಕಲು ಹೊಲಿಗೆ ಬಿಚ್ಚಿದ್ದಾರಂತೆ. ಬರೆದ ಹಾಳೆ ಡಬ್ಬಿಯಲ್ಲಿವೆ. ಖಾಲಿಯವು... "ಹುಡುಕಿಸ್ತೀನಿ."
ಸಮಾಧಾನಕ್ಕೆ ಕೈಗೊಂದು ಆಹ್ವಾನಪತ್ರ. ನೋಟ್‌ಬುಕ್ಕಿನಿಂದ "ಸ್ಫೂರ್ತಿ ಪಡೆದ" ನೃತ್ಯರೂಪಕ.
ತಮ್ಮ ಅಂದ: "ಬಿಳಿ ಹಾಳೆಗೆ ಯಾಕಕ್ಕ ಇಷ್ಟು ರಾದ್ಧಾಂತ? ಅಂಗಡೀಲಿ ರೀಮ್‌ಗಟ್ಟಲೆ ಸಿಗುತ್ತೆ."
ಅವನೊಂದಿಗೆ ಮಾತು ಬಿಟ್ಟಿದ್ದೇನೆ.

ಫೆಬ್ರವರಿ 20
ಮಾತಿಲ್ಲದಿದ್ದರೂ ತಮ್ಮನೂ ನಾನೂ ಆ ನೃತ್ಯರೂಪಕ ನೋಡಿ ಬಂದೆವು. ವೇದಿಕೆಯ ಮೇಲೆ ಹುಡುಗಿ ಓದಿದಳು: "ಮುಂದಿನದು ಅಣ್ಣನಿಗೆ." ಪುಟ ತಿರುವಿದಳು. "ಎರಡು ಸೋಪು. ಒಂದು ಉಂಡೆ ನೀಲಿ ದಾರ."
ಸಭೆ ನಕ್ಕಿತು. ಚಪ್ಪಾಳೆ ಬೇರೆ.
ಮುಗಿದ ಮೇಲೆ ನಿರ್ದೇಶಕಿ ಕೈ ಹಿಡಿದುಕೊಂಡಳು. "ಸಾವಿನ ಪಕ್ಕದಲ್ಲೇ ಸೋಪು! ಎಂಥಾ ಹಾಸ್ಯಪ್ರಜ್ಞೆ ಮೇಡಂ, ನಿಮ್ಮ ತಾಯೀದು!"
"ಜೋಕಲ್ಲಮ್ಮ ಅದು. ನಡುವೆ ಅಮ್ಮನ ಅಣ್ಣಂದು, ನಮ್ಮ ಮಾವನ ಖಾಲಿ ಹಾಳೆ ಇತ್ತು."
ಹಿಡಿದ ಕೈ ಸಡಿಲಾಯಿತು.
ಮನೆಗೆ ಬಂದು ತಮ್ಮ ಬಾಗಿಲ ಬೀಗ ತೆಗೆಯುತ್ತಾ ಅಂದ: "ಪೇಪರಿಗೆ ಬರಿ ಅಕ್ಕ. ನಾನೂ ಸೈನ್ ಹಾಕ್ತೀನಿ."

ಮಾರ್ಚ್ 3
ಹಾಳೆ ಸಿಕ್ಕವು. ಡಬ್ಬಿಗಳಿಗೆ ಸಿಕ್ಕಿಸುವ ಚೀಟಿಗಳಾಗಿ. ಅದೇ ನಸು ಹಳದಿ, ಅದೇ ನೀಲಿ ಗೆರೆ. ಬೆರಳಗಲ ಕತ್ತರಿಸಿ, ಒಂದೊಂದರ ಮೇಲೂ ದಾಖಲೆ ಸಂಖ್ಯೆ. "ಹಳೇ ಕಾಗದ ಗಟ್ಟಿ ಇತ್ತು" ಎಂದರು ಗ್ರಂಥಪಾಲಕರು, ನೆಲ ನೋಡುತ್ತಾ.

ಸಂಜೆ 5 ಗಂಟೆ
ಪೇಪರಿನಲ್ಲಿ ಅಚ್ಚಾಗಲಿ ಎಂದು ಕುಲಪತಿಗೆ ಬಹಿರಂಗ ಪತ್ರ ಬರೆಯಲು ಕೂತಿದ್ದೇನೆ. ತಮ್ಮನ ಸಹಿ ಆಗಲೇ ಬಿದ್ದಿದೆ, ಕೆಳಗೆ, ಖಾಲಿ ಕಾಗದಕ್ಕೆ.

ಮಾನ್ಯ ಕುಲಪತಿಗಳೇ, ಕತ್ತರಿ ಆಡಿಸಿದವರು ಯಾರು? ಆಡಿಸಿ ಎಂದವರು ಯಾರು? ನಮ್ಮ ಮಾವನ ಮೇಲೆ ಯಾವ ನಂಬರು ಬರೆದಿರಿ? ಉತ್ತರ ನನಗೆ ಅಂಚೆಯಲ್ಲಿ ಬೇಡ. ಚಪ್ಪಾಳೆ ಬಿದ್ದ ಅದೇ ಸಭಾಂಗಣದಲ್ಲಿ, ನಕ್ಕವರೆಲ್ಲರ ಎದುರು, ಮೈಕಿನ ಮುಂದೆ ನಿಂತು —